ಮೂಗಿಲ್ಲದ ರಾಣಿಯ ಬೆಲೆ

ಮೂವತ್ತೆರಡು ವರ್ಷ ಬಸ್ಸಿನಲ್ಲಿ ನಿಂತೇ ಸಂಸಾರ ನಡೆಸಿದ ಆ ಕಂಡಕ್ಟರನ್ನು ಯಾರೂ ನೆಟ್ಟಗೆ ಹೆಸರು ಹಿಡಿದು ಕರೆದವರಲ್ಲ. ಎಲ್ಲರ ಬಾಯಲ್ಲೂ ಚಿಲ್ಲರೆ ಮಾವ. ಟಿಕೆಟ್ ಚೀಲಕ್ಕೆ ಹಳೆಯದೋ ವಿಚಿತ್ರದ್ದೋ ನಾಣ್ಯ ಬಿದ್ದರೆ, ಸಂಜೆ ಡಿಪೋದಲ್ಲಿ ಹಣ ಒಪ್ಪಿಸುವ ಮುಂಚೆ ತಮ್ಮ ಜೇಬಿನಿಂದ ಅಷ್ಟೇ ಬೆಲೆಯ ಬೇರೆ ನಾಣ್ಯ ಹಾಕಿ ಅದನ್ನು ಎತ್ತಿಕೊಳ್ಳುವುದು ಅವರ ಪದ್ಧತಿ. ಕಳ್ಳತನ ಅನ್ನುವ ಹಾಗಿಲ್ಲ, ಸಾಚಾತನ ಅನ್ನಲೂ ಬಾಯಿ ಬರುವುದಿಲ್ಲ. ನಿವೃತ್ತಿಯ ಹೊತ್ತಿಗೆ ಹನ್ನೊಂದು ಬಿಸ್ಕತ್ ಡಬ್ಬ ತುಂಬಿದ್ದವು. ಬೀರು ನಾಣ್ಯಗಳ ಪಾಲಾಗಿ ಹೆಂಡತಿಯ ಬಟ್ಟೆಬರೆ ಮಂಚದ ಕೆಳಗೆ ಸೇರಿತ್ತು.

ಡಬ್ಬಗಳಲ್ಲೆಲ್ಲ ಮೇಲಿನ ಪೀಠ ಮೂಗಿಲ್ಲದ ರಾಣಿಯದು. ಟಂಕಸಾಲೆಯ ಅಚ್ಚಿನೊಳಗೆ ಏನೋ ಕಸ ಸಿಕ್ಕಿಕೊಂಡು, ರಾಣಿಯ ಮುಖದಲ್ಲಿ ಹಣೆಯಾದ ಮೇಲೆ ಸೀದಾ ತುಟಿಯೇ ಬಂದಿತ್ತು. ಈ ನಾಣ್ಯದ ಹುಚ್ಚರ ನ್ಯಾಯವೇ ಬೇರೆ ನೋಡಿ. ನೆಟ್ಟಗಿರುವ ನಾಣ್ಯವನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ಕೆಟ್ಟು ಕೂತಿದ್ದಕ್ಕೆ ಕೈ ಮುಗಿಯುತ್ತಾರೆ. ಅಂಥ ಮೂಗಿಲ್ಲದವಳು ಮೂರೇ ಇರುವುದೆಂದು ಅವರ ಭಾನುವಾರದ ಕೂಟ ಎಂದೋ ತೀರ್ಮಾನಿಸಿತ್ತು. ಒಂದು ಮಾವನ ಹತ್ತಿರ. ಇನ್ನೊಂದು ಔಷಧಿ ಅಂಗಡಿಯವನ ಹತ್ತಿರ. ಆತ ಕೆಮ್ಮಿನ ಸಿರಪ್ ಕೊಳ್ಳಲು ಬಂದವರಿಗೂ ಅದನ್ನು ತೋರಿಸಿಯೇ ಕಳಿಸುವವನು. ಮೂರನೆಯದು ಈಗ ಹರಾಜಿಗೆ ಬರುವುದಿತ್ತು.

ಹೆಂಡತಿ ಕಾದಿದ್ದೂ ಇದಕ್ಕೇ. ಅವರ ಅಡುಗೆಮನೆಗೆ ಕಿಟಕಿಯಿಲ್ಲ. ಮದುವೆಯಾದಾಗಿನಿಂದ ಹೊಗೆ, ಘಾಟು ಎಲ್ಲ ಆಕೆಯ ಕಣ್ಣಿಗೇ. ಕೇಳಿ ಕೇಳಿ ಸಾಕಾಗಿ, ಹೋದ ವಾರ ತಾವೇ ಗಾರೆಯವನನ್ನು ಕರೆಸಿ, ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಚೌಕ ಬರೆಸಿದ್ದರು. ಇಪ್ಪತ್ತು ಸಾವಿರ ಆಗುತ್ತದೆ ಎಂದು ಆತ ಹೇಳಿ ಹೋಗಿದ್ದ. ಹರಾಜಿನಲ್ಲಿ ಆ ಮೂರನೆಯದಕ್ಕೆ ಎಷ್ಟು ಬೀಳುತ್ತದೋ ನೋಡುವುದು, ಅದೇ ಬೆಲೆಗೆ ಮನೆಯ ರಾಣಿಯನ್ನು ಕೊಟ್ಟು ಕಿಟಕಿ ಇಡಿಸುವುದು. ಗಂಡ ಹೆಂಡತಿ ನಡುವೆ ಹೀಗೆ ಒಪ್ಪಂದವಾಯಿತು.

ಮಾವ ಹೂಂ ಎಂದರು, ಮನಸ್ಸಿಲ್ಲದ ಹೂಂ. ಆ ನಾಣ್ಯ ಚೀಲಕ್ಕೆ ಬಿದ್ದ ದಿನ ಅವರಿಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೆಲಸಕ್ಕೆ ಸೇರಿದ ಹೊಸತು. ಹುಡುಗಿಯೊಬ್ಬಳು ಅದನ್ನು ಕೊಟ್ಟಳು. ಇದು ನಡೆಯಲ್ಲ ಎಂದರು. ಯಾಕೆ ನಡೆಯಲ್ಲ ಎಂದು ಆಕೆ ಎರಡು ಸ್ಟಾಪಿನವರೆಗೆ ಜಗಳವಾಡಿ, ಬಸ್ಸಿನವರನ್ನೆಲ್ಲ ತನ್ನ ಕಡೆ ಮಾಡಿಕೊಂಡು, ಟಿಕೆಟ್ ಹರಿಸಿಕೊಂಡೇ ಬಿಟ್ಟಳು. ಮುಂದಿನ ವರ್ಷ ಅವಳ ಜೊತೆಗೇ ಮದುವೆಯಾಯಿತು. ಇದು ಅದೇ ನಾಣ್ಯ ಎಂದು ಮಾತ್ರ ಮಾವ ಹೆಂಡತಿಗೆ ಇವತ್ತಿನವರೆಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾಳೆ ಎಂಬ ನಾಚಿಕೆ, ಈ ವಯಸ್ಸಿನಲ್ಲೂ.

ಹರಾಜಿನ ದಿನ ಹೆಂಡತಿಯೂ ಜೊತೆಗೆ ಹೊರಟರು, ಬೆಲೆಯನ್ನು ತಮ್ಮ ಕಿವಿಯಿಂದಲೇ ಕೇಳಬೇಕಂತೆ. ಹಿಂದಿನ ಸಾಲಿನಲ್ಲಿ ಕೂಟದವರು ಕೂತಿದ್ದರು. ಕೊಳ್ಳಲು ಬಂದವರಲ್ಲ, ಹೊಟ್ಟೆ ಉರಿಸಿಕೊಳ್ಳಲು ಬಂದವರು. ಒಂದು ತಾಮ್ರದ ಬಿಲ್ಲೆ ಹನ್ನೆರಡು ಸಾವಿರಕ್ಕೆ ಹೋಯಿತು. ಅಂಥದೇ ಬಿಲ್ಲೆಯನ್ನು ಹೋದ ವರ್ಷ ಮುನ್ನೂರಕ್ಕೆ ಮಾರಿದ್ದ ಡ್ರಾಯಿಂಗ್ ಮೇಷ್ಟರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಅದನ್ನು ಮುನ್ನೂರಕ್ಕೆ ಕೊಂಡಿದ್ದ ದರ್ಜಿ ಪಕ್ಕದಲ್ಲೇ ಕೂತು, ಜನಕ್ಕೆ ತಲೆ ಕೆಟ್ಟಿದೆ ಎಂದು ನಿಟ್ಟುಸಿರು ಬಿಟ್ಟ. ಮುಖ ಮಾತ್ರ ಇಷ್ಟಗಲ.

ಕೊನೆಗೆ ಮೂಗಿಲ್ಲದ ರಾಣಿ ಬಂದಳು. ಎರಡು ಸಾವಿರ ಎಂದು ಹರಾಜು ಕೂಗುವವನು ಶುರು ಮಾಡಿದ. ಒಬ್ಬನೂ ಉಸಿರೆತ್ತಲಿಲ್ಲ. ಒಂದು ಸಲ ಎಂದಾಗ ಮಾವ ಕುರ್ಚಿಯ ತುದಿಗೆ ಬಂದರು. ಎರಡು ಸಾವಿರಕ್ಕೆ ಗೋಡೆಗೆ ತೂತೂ ಬೀಳುವುದಿಲ್ಲ! ಕಿಟಕಿಯ ಮಾತು ಹಾಗಿರಲಿ, ಅವಳ ಕೈಯಿಂದ ಬಂದ ನಾಣ್ಯಕ್ಕೂ ಇನ್ನು ಎರಡು ಸಾವಿರವೇ? ಸ್ವಲ್ಪ ಮೇಲೆ ಹತ್ತಿಸಿ ಬಿಟ್ಟರಾಯಿತು ಎಂದುಕೊಂಡು ಕೈ ಎತ್ತಿಬಿಟ್ಟರು.

ಮುಂದಿನ ಸಾಲಿನಿಂದ ಇನ್ನೊಂದು ಕೈ ಎದ್ದಿತು. ಕಂಬ ಅಡ್ಡ ಬಂದು ಯಾರೆಂದು ಕಾಣಲಿಲ್ಲ. ಯಾರೋ ಒಳ್ಳೇ ಗಿರಾಕಿ ಎಂದು ಮಾವನಿಗೆ ಹುರುಪು ಬಂತು. ಐದು, ಹತ್ತು, ಇಪ್ಪತ್ತು. ಇಪ್ಪತ್ತಕ್ಕೆ ನಿಲ್ಲಿಸಬೇಕಿತ್ತು, ಪುಣ್ಯಾತ್ಮ ನಿಲ್ಲಿಸಲಿಲ್ಲ. ನಲವತ್ತು ಸಾವಿರ ಎಂದು ಇವರು ಕೈ ಎತ್ತಿದರು, ಆ ಕೈ ಕೆಳಗಿಳಿಯಿತು. ಹರಾಜು ಕೂಗುವವನು ಮೂರು ಸಲ ಎಂದವನೇ ಮೇಜಿಗೆ ಬಡಿದ. ಒಂದು ವಾರದೊಳಗೆ ದುಡ್ಡು ಕಟ್ಟಿ ನಾಣ್ಯ ಬಿಡಿಸಿಕೊಳ್ಳಬೇಕೆಂದು ಚೀಟಿ ಬಂದು ಮಾವನ ತೊಡೆಯ ಮೇಲೆ ಕೂತಿತು.

ಕಂಬದ ಮರೆಯಿಂದ ಎದ್ದು ಬಂದವನು ಔಷಧಿ ಅಂಗಡಿಯವನು. ಅವನೂ ತನ್ನ ನಾಣ್ಯದ ಬೆಲೆ ಏರಲಿ ಎಂದೇ ಕೈ ಎತ್ತಿದ್ದನಂತೆ. ಯಾವನೋ ಬಕರಾ ಸಿಕ್ಕಿದ ಎಂದು ಖುಷಿಯಾಗಿ ಬಂದವನು ಮಾವನನ್ನು ಕಂಡು ಮೊದಲು ಬೆಪ್ಪಾದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಇನ್ನು ತನ್ನ ರಾಣಿಯ ಬೆಲೆ ನಲವತ್ತು ಸಾವಿರ, ನಾಳೆಯೇ ಅಂಗಡಿಯಲ್ಲಿ ಬೋರ್ಡ್ ಹಾಕುತ್ತೇನೆ ಎಂದ. ಮಾವನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ.

ಆಕೆ ಮಾತ್ರ ಮಡಿಲ ಮೇಲಿದ್ದ ಚೀಲವನ್ನು ಪಕ್ಕಕ್ಕಿಟ್ಟು, ನಿಧಾನಕ್ಕೆ ಎದ್ದರು.

"ಬೋರ್ಡ್ ಹಾಕಣ್ಣ, ಬೇಡ ಅನ್ನಲ್ಲ. ಈಗ ನಮ್ಮನೇಲಿ ಎರಡಾಯ್ತು. ಮುಂದಿನ ಹರಾಜಿಗೆ ಎರಡನ್ನೂ ಒಟ್ಟಿಗೇ ಹಾಕ್ತೀವಿ. ಅವತ್ತು ಇವರ ಕೈ ನಾನು ಹಿಡ್ಕೊಂಡು ಕೂತಿರ್ತೀನಿ. ಎಷ್ಟಕ್ಕೆ ಹೋಗುತ್ತೆ ನೋಡೋಣ, ಆಮೇಲೆ ನಿನ್ನ ಬೋರ್ಡಲ್ಲಿ ಅದನ್ನೂ ಬರೆಸು."

ನಗು ನಿಂತಿತು. ಎರಡು ಸಾವಿರಕ್ಕೂ ಕೈ ಎತ್ತದ ಆ ಸಭೆಯನ್ನು ಅವನೂ ಕಣ್ಣಾರೆ ಕಂಡಿದ್ದನಲ್ಲ. ಎರಡೂ ಅಗ್ಗಕ್ಕೆ ಹೋದರೆ ತನ್ನ ರಾಣಿಯ ಬೆಲೆಯೂ ಅಷ್ಟೇ.

"ಹಾಗೆಲ್ಲ ಮಾಡಬೇಡಿ ಅಕ್ಕ," ಎಂದ.

ಮಾಡದೇ ಇರಬೇಕಾದರೆ ಚೀಟಿ ನಿನ್ನ ಹೆಸರಿಗೆ ಮಾಡಿಕೊಂಡು ನಲವತ್ತು ಸಾವಿರ ನೀನೇ ಕಟ್ಟು ಎಂದರು ಆಕೆ. ಎರಡು ರಾಣಿ ಇರುವವನು ನೀನೊಬ್ಬನೇ ಆಗುತ್ತೀಯ, ಕೂಟದವರೆಲ್ಲ ನಿನ್ನ ಮುಂದೆ ಕೈ ಕಟ್ಟಿ ನಿಲ್ಲುತ್ತಾರೆ ಎಂದೂ ಬೆಣ್ಣೆ ಹಚ್ಚಿದರು. ಅಲ್ಲಿಗೆ ಅವನ ಕಣ್ಣಲ್ಲಿ ಹೊಳಪು ಬಂತು. ಹೊಳಪು ಬಂದದ್ದನ್ನು ನೋಡಿಯೇ, ಬಿಟ್ಟುಕೊಟ್ಟ ಉಪಕಾರಕ್ಕೆ ಇಪ್ಪತ್ತು ಸಾವಿರ ಬೇರೆ ಎಂದರು. ಅವನು ಗೊಣಗಿದ, ಒದ್ದಾಡಿದ, ಕೊನೆಗೆ ಒಪ್ಪಿದ. ಮೂವತ್ತೆರಡು ವರ್ಷ ನಾಣ್ಯ ಮುಟ್ಟಿದ ಗಂಡ ಪಕ್ಕದಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದರು.

ಮನೆಗೆ ಬಂದವರೇ ಆಕೆ ನೆಟ್ಟಗೆ ಅಡುಗೆಮನೆಗೆ ಹೋಗಿ ಸುಣ್ಣದ ಚೌಕವನ್ನು ಬೆರಳಿನಿಂದ ಒಮ್ಮೆ ಸುತ್ತಿದರು. ಕಿಟಕಿಗೆ ಆಯಿತು, ಮನೆಯ ರಾಣಿಯನ್ನು ಇನ್ನು ಮಾರುವುದು ಬೇಡ ಎಂದರು. ಮಾವ ಬೀರುವಿನಿಂದ ರಾಣಿಯನ್ನು ತಂದು ಹಿಡಿದರು. ಇನ್ನು ತಡೆಯಲಾರದೆ, ಆ ನಾಣ್ಯ ಎಲ್ಲಿಂದ ಬಂತು ಗೊತ್ತಾ ಎಂದು ಶುರು ಮಾಡಿದರು.

"ಗೊತ್ತಿಲ್ಲದೆ ಏನ್ರೀ? ನನ್ನ ನಾಣ್ಯ ನನಗೆ ಗೊತ್ತಾಗಲ್ವಾ?" ಆಕೆ ಒಲೆ ಹಚ್ಚುತ್ತಾ ತಿರುಗಿಯೂ ನೋಡಲಿಲ್ಲ. "ಅವತ್ತು ಬಸ್ಸು ಹತ್ತೋ ಮುಂಚೆ ಮೂರು ಅಂಗಡೀಲಿ ಕೊಟ್ಟು ನೋಡಿದ್ದೆ. ಯಾರೂ ತಗೊಳ್ಳಲಿಲ್ಲ. ತಗೊಂಡ ಪೆದ್ದ ನೀವೊಬ್ಬರೇ."