ಬೇವಿನಕುಂಟೆಯಲ್ಲಿ ಬಸ್ಸು ತಿರುಗಿದ ದಿನ

ಹೋದ ವರ್ಷದ ಮಾತು. ಸಂಕ್ರಾಂತಿ ಕಳೆದು, ರಾಗಿ ಒಕ್ಕಣೆ ಮುಗಿದಿತ್ತು. ಕೆ.ಆರ್. ಪುರದಿಂದ ಆಚೆಗಿರುವ ನಮ್ಮ ಬೇವಿನಕುಂಟೆಗೆ ಆಗ ಬಸ್ಸಿರಲಿಲ್ಲ. ಮುಖ್ಯರಸ್ತೆಯ ಕ್ರಾಸ್‌ವರೆಗೆ ನಡೆದೇ ಹೋಗಬೇಕು, ನಡೆದೇ ಬರಬೇಕು. ನಾನು ಕಮರ್ಷಿಯಲ್ ಸ್ಟ್ರೀಟ್ ಹಿಂದಿನ ಅಂಗಡಿಯೊಂದರಲ್ಲಿ ಸೀರೆಗೆ ಕುಚ್ಚು ಕಟ್ಟುತ್ತೇನೆ. ಕೈ ಚೆನ್ನಾಗಿಯೇ ಓಡುತ್ತಿತ್ತು, ಮಂಡಿ ಮಾತ್ರ ಕೈಕೊಟ್ಟಿತ್ತು. "ಸಾಕು, ಕೆಲಸ ಬಿಡು" ಎಂದು ಮನೆಯವರು ದಿನಾ ಹೇಳುತ್ತಿದ್ದರು. ಬಿಡಲು ನನಗೆ ಮನಸ್ಸಿರಲಿಲ್ಲ.

ಪಕ್ಕದ ಮನೆಯ ರತ್ನಮ್ಮ ಇಂದಿರಾನಗರದಲ್ಲಿ ಅಡುಗೆ ಕೆಲಸ ಮಾಡುತ್ತಾಳೆ. ಊರಿಗೊಂದು ಬಸ್ಸು ಕೇಳಲು ಇಬ್ಬರೂ ಸೇರಿ ಬಸ್ ಡಿಪೋಗೆ ಹೋದೆವು. ಅಲ್ಲಿನ ಸಾಹೇಬರು ಕಂಪ್ಯೂಟರ್ ನೋಡಿ, "ಅಮ್ಮಾ, ನಿಮ್ಮೂರ ಜನಸಂಖ್ಯೆಗೆ ಒಂದು ಆಟೋ ಸಾಕಲ್ವಾ?" ಎಂದರು.

"ಜನ ಊರಲ್ಲಿದ್ರೆ ತಾನೆ ಸಾರ್ ಎಣಿಸೋಕೆ? ಹಗಲೊತ್ತು ಎಲ್ಲ ನಿಮ್ಮ ಬಸ್ಸಲ್ಲೇ ನೇತಾಡ್ತಿರ್ತೀವಿ" ಎಂದಳು ರತ್ನಮ್ಮ.

ಅವರಿಗೆ ನಗು ಬಂತು. "ಸರಿ, ಸೋಮವಾರ ಒಂದು ಬಸ್ ಕಳಿಸಿ ನೋಡ್ತೀನಿ. ಆದ್ರೆ ಅಲ್ಲಿ ತಿರುಗಿಸೋಕೆ ಜಾಗ ಇಲ್ಲ ಅಂತ ಡ್ರೈವರ್ ಹೇಳಿದ್ರೆ ನಾನೇನೂ ಮಾಡಕ್ಕಾಗಲ್ಲ."

ಜಾಗವೇನೋ ಇತ್ತು, ಅರಳಿಕಟ್ಟೆಯ ಮುಂದೆ. ಆದರೆ ಅದರ ನಡುಮಧ್ಯೆ ಮುನಿಯಪ್ಪ ಮಾವನ ರಾಗಿಹುಲ್ಲಿನ ಮೆದೆ, ಹೊಸದಾಗಿ ಒಟ್ಟಿದ್ದು, ಮನೆಯಷ್ಟು ಎತ್ತರ.

"ನಮ್ಮಪ್ಪನ ಕಾಲದಿಂದ ಮೆದೆ ಅಲ್ಲೇ ಇರೋದು. ಬಸ್ಸು ಬೇಕಾದ್ರೆ ಸುತ್ಕೊಂಡು ಹೋಗ್ಲಿ" ಎಂದುಬಿಟ್ಟ ಮುದುಕ.

"ಮಾವ, ಈ ಮಂಡಿ ಇಟ್ಕೊಂಡು ಇನ್ನು ನಡಿಯೋಕಾಗಲ್ಲ. ಬಸ್ಸು ಬರ್ಲಿಲ್ಲ ಅಂದ್ರೆ ನಾನು ಮನೇಲಿ ಕೂರೋದೇ" ಎಂದೆ.

ಅವನು ನನ್ನ ಮಂಡಿಯ ಕಡೆ ನೋಡಿದ. ಆಮೇಲೆ ಮೆಲ್ಲಗೆ, "ಕಿತ್ತರೆ ಮತ್ತೆ ಒಟ್ಟೋರು ಯಾರಮ್ಮಾ? ನನ್ನ ಕೈಲಾಗಲ್ಲ. ಸರಿಯಾಗಿ ಒಟ್ಟದಿದ್ರೆ ಮಳೆ ನೀರು ಇಳಿದು ಕೊಳೀತದೆ. ದನ ಏನು ತಿನ್ನಬೇಕು?" ಎಂದ.

"ನಾವು ಒಟ್ತೀವಿ."

"ಪೌಡರ್ ಹಾಕ್ಕೊಂಡು ಪಟ್ಟಣಕ್ಕೆ ಹೋಗೋರು ಮೆದೆ ಒಟ್ತಾರಂತೆ" ಎಂದು ನಕ್ಕನಾದರೂ, ಬೇಡ ಎನ್ನಲಿಲ್ಲ.

ಭಾನುವಾರ ಬೆಳಿಗ್ಗೆಯೇ ಶುರು ಮಾಡಿದೆವು. ಮಹದೇವಪುರದ ಅಪಾರ್ಟ್‌ಮೆಂಟುಗಳಿಗೆ ಹೋಗುವ ಹೆಂಗಸರು, ಹಲಸೂರಿನಲ್ಲಿ ಹೂ ಮಾರುವವರು, ಕ್ಯಾಬ್ ಓಡಿಸುವ ಹುಡುಗರು ಎಲ್ಲರೂ ಬಂದರು. ಹುಲ್ಲಿನ ಕಂತೆಗಳು ಕೈಯಿಂದ ಕೈಗೆ ಸಾಗಿ ಮಾವನ ಹಿತ್ತಲು ಸೇರಿದವು. ಅವನು ಕೋಲು ಹಿಡಿದು ನಿಂತು, "ತೆನೆ ಕಡೆ ಒಳಕ್ಕೆ ಬರಬೇಕು ಕಣ್ರೇ, ಅದೇನು ಹಾಸಿಗೆ ಹಾಸ್ತಿದ್ದೀರಾ?" ಎಂದು ಎಲ್ಲರನ್ನೂ ಬೈದ. ಸಂಜೆಗೆ ಮೆದೆ ನಿಂತಿತು, ಒಂದು ಕಡೆಗೆ ಕೊಂಚ ವಾಲಿಕೊಂಡು. ನಮಗೆಲ್ಲ ಮೈತುಂಬ ತುರಿಕೆ.

ಸೋಮವಾರ ಬಸ್ಸು ಬಂತು. ಕಂಡಕ್ಟರ್ ಕೆಳಗಿಳಿದು ಸೀಟಿ ಊದುತ್ತಾ ಹಿಂದಕ್ಕೆ ಬಿಡಿಸಿದ. ಕಟ್ಟೆಗೆ ಇನ್ನೇನು ತಗುಲಬೇಕು, ನಿಂತಿತು. ಡ್ರೈವರ್ ಕನ್ನಡಿ ನೋಡಿ, ಸ್ವಲ್ಪ ಮುಂದೆ ಹೋಗಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮತ್ತೆ ಹಿಂದೆ ಬಂದ. ಬಸ್ಸಿನ ಮೂತಿ ನಿಧಾನವಾಗಿ ಕ್ರಾಸಿನ ಕಡೆಗೆ ತಿರುಗಿತು. "ಆರಾಮಾಗಿ ತಿರುಗುತ್ತೆ ಬಿಡ್ರಿ" ಎಂದ ಡ್ರೈವರ್.

ನಾವು ಹತ್ತುವಷ್ಟರಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುನಿಯಪ್ಪ ಮಾವನೂ ಬಂದ.

"ಎಲ್ಲಿಗೆ ಮಾವ?"

"ಎಲ್ಲಿಗಾದ್ರೇನು? ನನ್ನ ಜಾಗದಲ್ಲಿ ತಿರುಗಿದ ಬಸ್ಸು. ಅದು ಎಲ್ಲೀವರೆಗೆ ಹೋಗುತ್ತೋ ಅಲ್ಲೀವರೆಗೆ" ಎಂದು ಮುಂದಿನ ಸೀಟಿನಲ್ಲಿ ಕೂತ. ಕ್ರಾಸ್ ತಲುಪುವ ಮೊದಲೇ ಬಸ್ಸು ತುಂಬಿತ್ತು. ಅಂದಿನಿಂದ ಅದು ದಿನಾ ಬರುತ್ತಿದೆ.

ಸಂಜೆ ಕೆಲಸ ಮುಗಿಸಿ, ಬಸ್ಸು ಬದಲಿಸಲು ಕೆ.ಆರ್. ಪುರದಲ್ಲಿ ಇಳಿದಾಗ, ಅಷ್ಟೆಲ್ಲ ಹಾರನ್ ನಡುವೆ ಕಂಡಕ್ಟರ್ "ಬೇವಿನಕುಂಟೆ, ಬೇವಿನಕುಂಟೆ" ಎಂದು ಕೂಗುತ್ತಿರುತ್ತಾನೆ. ಸೀಟು ಹೋದರೂ ಪರವಾಗಿಲ್ಲ ಎಂದು ನಾನು ಕೆಳಗೇ ನಿಂತು, ಅವನು ಇನ್ನೊಂದು ಸಲ ಕೂಗುವುದನ್ನು ಕೇಳಿಸಿಕೊಂಡೇ ಹತ್ತುತ್ತೇನೆ.