ಪ್ರತಿ ಪುಟದಲ್ಲೂ ಇದ್ದ ಒಂದು ಮಾತು

ಒಂದು ಮಾತನ್ನು ಒಂದೇ ಕಡೆ ಹೇಳಬೇಕಂತೆ. ಕೈಪಿಡಿ ಬರೆಯುವವರ ಲೋಕದಲ್ಲಿ ಈಗ ಇದೇ ದೊಡ್ಡ ನಿಯಮ. ಅದನ್ನು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಫೋನಿನಿಂದಲೇ ತೋಟದ ಪಂಪು ಸ್ಟಾರ್ಟ್ ಮಾಡುವ ಒಂದು ಪೆಟ್ಟಿಗೆ ಇದೆ. ಅದರೊಳಗಿನದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಅದನ್ನು ಕಟ್ಟಿದವರು ಸುಳ್ಯದ ಕೆಲವು ಗೆಳೆಯರು, ಪುತ್ತೂರಿನಲ್ಲಿ ಕುಳಿತು ಕನ್ನಡದ ಕೈಪಿಡಿ ಬರೆದವಳು ನಾನು. ಪೆಟ್ಟಿಗೆ ಕೂರಿಸುವ ಪುಟವಿರಲಿ, ಸಿಮ್ ಬದಲಿಸುವ ಪುಟವಿರಲಿ, ಪ್ರತಿಯೊಂದರ ತಲೆಯಲ್ಲೂ ಒಂದೇ ಮಾತು ಹಾಕಿದ್ದೆ: ಪಂಪಿಗೆ ಕೈ ಹಾಕುವ ಮೊದಲು ಫ್ಯೂಸ್ ತೆಗೆಯಿರಿ, ಗಲ್ಫಿನಲ್ಲಿರುವವರಿಗೂ ಫೋನ್ ಮಾಡಿ ತಿಳಿಸಿ.

ಗಲ್ಫ್ ಯಾಕೆ ಎಂದರೆ, ನಮ್ಮ ಕಡೆ ಪಂಪು ಸ್ಟಾರ್ಟ್ ಮಾಡುವವರು ಎಷ್ಟೋ ಸಲ ಊರಲ್ಲೇ ಇರುವುದಿಲ್ಲ. ಈಶ್ವರಮಂಗಲದ ಒಬ್ಬಾಕೆಯ ಗಂಡ ದುಬೈಯ ಅಂಗಡಿಯಲ್ಲಿ ಗಿರಾಕಿಗಳ ನಡುವೆ ನಿಂತು ಬಟನ್ ಒತ್ತಿ ಇಲ್ಲಿ ತೆಂಗಿನ ಬುಡಕ್ಕೆ ನೀರು ಬಿಡುತ್ತಾರೆ. ತೋಟದ ಕೆಲಸದಲ್ಲಿ ಅವರ ಪಾಲಿಗೆ ಉಳಿದದ್ದು ಅದೊಂದೇ, ಅದನ್ನು ಅವರು ಯಾರಿಗೂ ಬಿಟ್ಟುಕೊಡುವುದಿಲ್ಲ. ಇನ್ನು ಕೈಪಿಡಿಯನ್ನು ಪೂರ್ತಿ ಓದುವವರನ್ನು ನಾನು ಕಂಡಿಲ್ಲ. ಇಚಿಲಂಪಾಡಿಗೆ ಹೋಗಿ ನೋಡಿ, ನೆಲ್ಯಾಡಿಗೆ ಹೋಗಿ ನೋಡಿ, ಎಲ್ಲ ಕಡೆಯೂ ಬೇಕಾದ ಒಂದು ಪುಟ ಮಾತ್ರ ಪ್ರಿಂಟ್ ತೆಗೆಸಿ ಪಂಪುಶೆಡ್ಡಿನ ಬಾಗಿಲಿಗೆ ಅಂಟಿಸಿರುತ್ತಾರೆ. ಅದಕ್ಕೇ ಪ್ರತಿ ಪುಟದಲ್ಲೂ ಹೇಳಿದ್ದು.

ಕಳೆದ ವರ್ಷ ಕೈಪಿಡಿಯನ್ನೆಲ್ಲ ಸ್ಟ್ಯಾಂಡರ್ಡ್ ಫಾರ್ಮ್ಯಾಟಿಗೆ ತರುವ ಕೆಲಸ ಶುರುವಾಯಿತು. ಹುಡುಕಲು ಸುಲಭವಾಗುತ್ತದೆ ಎಂದು ನಾನೂ ಖುಷಿಪಟ್ಟೆ. ಉಸ್ತುವಾರಿ ಹೊತ್ತವರು ದೂರದ ನಗರದ ಒಬ್ಬ ಸಭ್ಯ ಮನುಷ್ಯ, ಪಂಪುಶೆಡ್ಡಿನೊಳಗೆ ಕಾಲಿಟ್ಟವರಲ್ಲ. ತಪ್ಪು ಹುಡುಕುವ ಅವರ ತಂತ್ರಾಂಶ ನನ್ನ ಎಚ್ಚರಿಕೆಯನ್ನು ಪುಟಪುಟದಲ್ಲೂ ಕೆಂಪಾಗಿ ತೋರಿಸಿತು. ಪುನರಾವರ್ತನೆಯಂತೆ! ಎಲ್ಲವನ್ನೂ ಕಿತ್ತು, ಕೊನೆಯಲ್ಲಿ 'ಸುರಕ್ಷತೆ' ಎಂದೊಂದು ಪುಟ ಮಾಡಿ, ಉಳಿದ ಕಡೆಯಿಂದ ಅದಕ್ಕೆ ಲಿಂಕ್ ಕೊಟ್ಟರು. ಗಲ್ಫಿನ ಮಾತಿಗೆ ಅಲ್ಲೂ ಜಾಗ ಸಿಗಲಿಲ್ಲ, ಅದು ತೀರಾ ಸ್ಥಳೀಯ ವಿಷಯ ಎಂದರು. ನಾನು ಉದ್ದುದ್ದ ಬರೆದು ಜಗಳವಾಡಿದೆ. ಓದುಗರು ಲಿಂಕ್ ಒತ್ತಿ ನೋಡುತ್ತಾರೆ ಎಂದು ಅವರಿಂದ ತಣ್ಣಗೆ ಉತ್ತರ ಬಂತು. ಬಾಗಿಲಿಗೆ ಅಂಟಿಸಿದ ಕಾಗದದ ಮೇಲೆ ಯಾವ ಲಿಂಕ್ ಒತ್ತುವುದು ಎಂದು ಕೇಳಿದೆ. ಅಷ್ಟರಲ್ಲಿ ಚರ್ಚೆ ಮುಗಿಸಿಬಿಟ್ಟಿದ್ದರು.

ಬೇಸಿಗೆಯಲ್ಲಿ ಈಶ್ವರಮಂಗಲದ ಪಂಪು ನೀರು ಎಳೆಯಲಿಲ್ಲ. ಆಕೆ ಆ ತೊಂದರೆಯ ಹೊಸ ಪುಟವನ್ನು ಪ್ರಿಂಟ್ ತೆಗೆಸಿದರು. ಚೊಕ್ಕವಾದ ಪುಟ. ಪಂಪು ನಿಲ್ಲಿಸಿ, ಮೋಟಾರು ತಿರುಗಿಸುವ ಶಾಫ್ಟಿನ ಸುತ್ತ ಸಡಿಲವಾಗಿದೆಯೇ ಮುಟ್ಟಿ ನೋಡಿ ಎಂದಿತ್ತು. ಪಂಪು ನಿಂತೇ ಇತ್ತು. ಆಕೆ ಕೈ ಹಾಕಿದರು. ಅದೇ ಹೊತ್ತಿಗೆ ದುಬೈಯಲ್ಲಿ ಗಂಡ ಬಟನ್ ಒತ್ತಿದರು. ನಡುಬೆರಳಿನ ತುದಿ ಹೋಯಿತು.

ವಿಷಯ ತಿಳಿದು ನಾನು ಓಡಿದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. ಆಕೆ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ತಾನೇ ಏನೋ ತಪ್ಪು ಮಾಡಿದವರಂತೆ ಮೆಲ್ಲಗೆ ಹೇಳಿದರು: "ಅಕ್ಕ, ಅದರಲ್ಲಿ ಇದ್ದ ಹಾಗೇ ಮಾಡಿದ್ದು ನಾನು. ಮತ್ತೆ ಎಲ್ಲಿ ತಪ್ಪಿತು ಅಂತ ಗೊತ್ತಾಗುದಿಲ್ಲ."

ಆ ಮಾತನ್ನು ನಾನು ಹಾಗೆಯೇ ಉಸ್ತುವಾರಿಯವರಿಗೆ ಬರೆದು ಕಳಿಸಿದೆ. ಅವರು ತುಂಬಾ ವಿಷಾದಿಸಿದರು. ಮುಂದೆ ಸುರಕ್ಷತೆಯ ಲಿಂಕನ್ನು ದಪ್ಪ ಅಕ್ಷರದಲ್ಲಿ ಹಾಕಿಸುತ್ತಾರಂತೆ. ನನ್ನ ಪಿತ್ತ ನೆತ್ತಿಗೇರಿತು. ಯಾರನ್ನೂ ಕೇಳದೆ ಆ ಎಚ್ಚರಿಕೆಯನ್ನು, ಗಲ್ಫನ್ನೂ ಸೇರಿಸಿ, ಪ್ರತಿ ಪುಟಕ್ಕೂ ವಾಪಸ್ ಹಾಕಿದೆ. ಈಗ ಪುಟಪುಟದಲ್ಲೂ ಮತ್ತೆ ಕೆಂಪು ಗುರುತು. ಇರಲಿ, ನಾನಂತೂ ಅಳಿಸುವುದಿಲ್ಲ.

ಮೊನ್ನೆ ಈಶ್ವರಮಂಗಲಕ್ಕೆ ಹೋಗಿದ್ದಾಗ ದುಬೈಯಿಂದ ವೀಡಿಯೋ ಕಾಲ್ ಬಂತು. ಗಂಡ ಬ್ಯಾರಿ ಭಾಷೆಯಲ್ಲಿ ಏನೋ ಕೇಳಿದರು. ಏನೆಂದು ನಾನು ಕೇಳುವ ಮೊದಲೇ ಆಕೆ ಎರಡೂ ಕೈಗಳನ್ನು ಫೋನಿನ ಮುಂದೆ ಎತ್ತಿ ಹಿಡಿದರು. ಈಗ ದಿನಾ ಹೀಗೆಯೇ ಅಂತೆ. ತುದಿ ಇಲ್ಲದ ಆ ಬೆರಳನ್ನು ಒಮ್ಮೆ ನೋಡಿ, ಆಮೇಲೆ ಅವರು ಬಟನ್ ಒತ್ತುತ್ತಾರೆ.