ಎರಡು ಉತ್ತರಕ್ಕೂ ಒಂದೇ ಮುಖ

ಸಾಗರದಲ್ಲಿ ಆಟೋಗೆ ಮೈಕ್ ಕಟ್ಟಿಕೊಂಡು ಬಟ್ಟೆ ಅಂಗಡಿಯ ರಿಯಾಯಿತಿ ಕೂಗುವುದು ನನ್ನ ಕೆಲಸ. ಮದುವೆ ಮನೆಗಳಲ್ಲಿ ಮಿಮಿಕ್ರಿ ಮಾಡುವುದು ನನ್ನ ಹೆಮ್ಮೆ. ಎರಡನ್ನೂ ನಂಬಿ ಯಾರೂ ಹೆಣ್ಣು ಕೊಡುವುದಿಲ್ಲ ಅಂತ ಅಕ್ಕ ಹೇಳುತ್ತಾಳೆ. ಹೊಸನಗರದ ಬಸ್ಸಿನ ಕಂಡಕ್ಟರು, ಕೆಮ್ಮದೆ ಮಾತೇ ಶುರು ಮಾಡದ ನಮ್ಮ ಮೇಷ್ಟ್ರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದಾರೆ. ಆದರೆ ಮನೆಯಲ್ಲಿ ಹೆಚ್ಚು ನಗು ಬರುತ್ತಿದ್ದುದು ನಾನು ಮಾಡಿ ತೋರಿಸುವ ದೊಡ್ಡಪ್ಪನ ನಡಿಗೆಗೆ. ಎಲ್ಲರಿಗಿಂತ ಮೊದಲು ನಗುತ್ತಿದ್ದವರು ದೊಡ್ಡಪ್ಪನೇ. ಎಡಗಾಲು ಇನ್ನೂ ಸ್ವಲ್ಪ ಅಗಲ ಇಡು ಮಾರಾಯ ಅಂತ ತಿದ್ದುತ್ತಿದ್ದರು.

ಆ ನಡಿಗೆ ನಮ್ಮ ಮನೆತನದ ಆಸ್ತಿ. ನಲವತ್ತು ದಾಟಿದ ಮೇಲೆ ಕೆಲವರಿಗೆ ಬರುತ್ತದೆ. ಕಾಲು ಅಗಲವಾಗಿ, ಮೈ ಅತ್ತಿತ್ತ ತೂಗುತ್ತಾ, ದೋಣಿಯಲ್ಲಿ ನಿಂತವರ ಹಾಗೆ. ಆಮೇಲೆ ಮಾತು ತೊದಲುತ್ತದೆ, ಲೋಟ ಬಾಯಿಯ ದಾರಿ ಮರೆಯುತ್ತದೆ. ಅಜ್ಜನಿಗೆ ಇತ್ತು, ದೊಡ್ಡಪ್ಪನಿಗೆ ಬಂತು, ಅತ್ತೆಗೂ ಬಂತು. ಅಪ್ಪಯ್ಯನಿಗೆ ಇನ್ನೂ ಬಂದಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ಹಳೇ ಊರು ಮುಳುಗುವಾಗ ಅಜ್ಜ ಮನೆದೇವರ ಕಲ್ಲನ್ನು ಅಲ್ಲೇ ಬಿಟ್ಟು ಬಂದರಂತೆ. ಅದಕ್ಕೇ ದೇವರು ನಮ್ಮನ್ನು ಇನ್ನೂ ನೀರಿನ ಮೇಲೇ ನಡೆಸುತ್ತಿದ್ದಾನೆ ಅನ್ನುವುದು ಮನೆಯವರ ನಂಬಿಕೆ. ನಗರ ಅನ್ನುವ ಊರಿನ ಹತ್ತಿರ ಬಂದು ಜಮೀನು ಮಾಡಿ ತಲೆಮಾರು ಕಳೆದರೂ ಸುತ್ತಲಿನವರಿಗೆ ನಮ್ಮದು ದೋಣಿ ಮನೆ.

ಹಾಗಾಗಿ ನಮ್ಮಲ್ಲೊಂದು ಪದ್ಧತಿ. ಹೆಣ್ಣು ನೋಡಲು ಬರುವವರು ಕಾಣಿಸಿಕೊಳ್ಳುವ ಮೊದಲೇ ನಡಿಗೆ ಬಂದವರು ಜಗಲಿಯ ಬೆಂಚಿನ ಮೇಲೆ ಕೂತುಬಿಡಬೇಕು. ಅವರು ಹೊರಟು ಗೇಟು ದಾಟುವವರೆಗೆ ಏಳಬಾರದು. ಯಾರಾದರೂ ಕೇಳಿದರೆ ಸೊಂಟ ನೋವು. ಬಂದವರ ಕಣ್ಣು ಬೆಂಚಿನ ಕಡೆ ಹೋಗದ ಹಾಗೆ ಮಿಮಿಕ್ರಿ ಮಾಡುವುದು ನನ್ನ ಪಾಲಿನ ಸೇವೆ. ಅತ್ತೆಯ ಮಗಳ ಮದುವೆ ಕುದುರಿದ್ದು ಹೀಗೇ. ಮಧ್ಯೆ ಏಳಬೇಕಾಗುತ್ತದೆ ಅಂತ ಪಾಪ, ದೊಡ್ಡಪ್ಪ ಅವತ್ತು ಬೆಳಗಿನಿಂದ ಒಂದು ಗುಟುಕು ನೀರೂ ಕುಡಿದಿರಲಿಲ್ಲ.

ದೊಡ್ಡಪ್ಪನನ್ನು ನೋಡಿದ್ದ ಸಾಗರದ ವೈದ್ಯರಿಂದ ಸುದ್ದಿ ಹೋಗಿ, ದೂರದ ಊರಿನಿಂದ ಒಬ್ಬ ಡಾಕ್ಟರಮ್ಮ ಬಂದರು. ಮನುಷ್ಯರ ಜೀನೋಮ್, ಅಂದರೆ ಮೈಯ ಕಣಕಣದಲ್ಲೂ ಇರುವ ವಂಶದ ಬರಹ, ಅದನ್ನು ಓದುವ ಸಂಶೋಧನೆ ಅವರದು. ನಮ್ಮ ಬರಹದಲ್ಲಿ ಎಲ್ಲಿ ತಪ್ಪಿದೆ ಅಂತ ಹುಡುಕಲು ಎಲ್ಲರ ರಕ್ತ ಬೇಕು ಅಂದರು. ದೊಡ್ಡಪ್ಪ ಒಂದೇ ಕರಾರು ಹಾಕಿದರು: ಎಲ್ಲಿ ಬರೆದರೂ ಊರಿನ ಹೆಸರು ಬರೆಯಬಾರದು. ನಮ್ಮ ಮನೆಯ ರಕ್ತಕ್ಕೆ ಪಕ್ಕದ ಮನೆಯ ಹೆಣ್ಣುಮಕ್ಕಳ ಸಂಬಂಧ ಯಾಕೆ ತಪ್ಪಬೇಕು?

ಒಬ್ಬೊಬ್ಬರನ್ನೇ ಅಂಗಳದಲ್ಲಿ ನಡೆಸಿ ನೋಡಿದರು. ನನ್ನ ಸರದಿ ಬಂತು. ಅಷ್ಟು ಜನ ನೋಡುತ್ತಿರುವಾಗ ಕಾಲು ಸುಮ್ಮನಿರುತ್ತದಾ? ದೊಡ್ಡಪ್ಪನ ನಡಿಗೆ ನಡೆದೆ. ಮನೆಯವರೆಲ್ಲ ನಕ್ಕರು. ಡಾಕ್ಟರಮ್ಮ ನಗಲಿಲ್ಲ, ಪೆನ್ನು ಕೆಳಗಿಟ್ಟು ನನ್ನ ಪಾದವನ್ನೇ ನೋಡಿದರು. ಮಿಮಿಕ್ರಿ ಮೇಡಂ ಅಂದೆ.

"ಸರಿ. ಈಗ ನಿಮ್ಮ ನಡಿಗೆ ನಡೀರಿ" ಅಂದರು.

ಅದು ತಕ್ಷಣ ನೆನಪಾಗಲಿಲ್ಲ. ಕೈ ಎಷ್ಟು ಬೀಸುತ್ತೇನೆ, ಹಿಮ್ಮಡಿ ಮೊದಲೋ ಬೆರಳು ಮೊದಲೋ? ಅಂಗಳದ ಆ ತುದಿ ಮುಟ್ಟುವಷ್ಟರಲ್ಲಿ ಕಂಡಕ್ಟರದ್ದು ಸ್ವಲ್ಪ, ಮೇಷ್ಟ್ರದ್ದು ಸ್ವಲ್ಪ ಹಾಕಿ ಹೇಗೋ ಮುಗಿಸಿದೆ. ನನಗೆ ನಿಜವಾಗಿ ಆ ನಡಿಗೆ ಬಂದ ದಿನ ಯಾರೂ ನಂಬುವುದಿಲ್ಲ, ಚಪ್ಪಾಳೆ ತಟ್ಟುತ್ತಾರೆ ಅಂತ ಆಗ ಹೊಳೆಯಿತು.

ಕೆಲವು ತಿಂಗಳ ಮೇಲೆ ಅವರು ಮತ್ತೆ ಬಂದು, ತಪ್ಪು ಸಿಕ್ಕಿದೆ ಅಂದರು. ನೀರೂ ಅಲ್ಲ, ದೇವರೂ ಅಲ್ಲ. ಹೆತ್ತವರಲ್ಲಿ ಒಬ್ಬರಿಗಿದ್ದರೆ ಒಂದೊಂದು ಮಗುವಿಗೂ ಬರಬಹುದು, ಬಾರದೆಯೂ ಇರಬಹುದು, ನಾಣ್ಯ ಚಿಮ್ಮಿದ ಹಾಗೆ. ಗುಣವಾಗುವ ಮದ್ದು ಇನ್ನೂ ಇಲ್ಲ. ತನ್ನಲ್ಲಿದೆಯೇ ಅಂತ ತಿಳಿಯಬೇಕಾದವರು ಸಾಗರಕ್ಕೆ ಬಂದು ಕೇಳಬಹುದು, ತಿಳಿಯುವುದು ಬೇಡ ಅನ್ನುವವರನ್ನು ಯಾರೂ ಒತ್ತಾಯಿಸುವಂತಿಲ್ಲ. ದೇವರ ಮೇಲಿನ ಆರೋಪ ಬಿದ್ದುಹೋದದ್ದು ದೊಡ್ಡಪ್ಪನಿಗೆ ಬೇಸರವಾದಂತಿತ್ತು. ಇಷ್ಟು ವರ್ಷ ಸಿಟ್ಟು ಮಾಡಿಕೊಳ್ಳಲು ಒಬ್ಬನಾದರೂ ಇದ್ದ ಅಂದರು.

ಅದೇ ಹೊತ್ತಿಗೆ ಅಕ್ಕನಿಗೆ ತೀರ್ಥಹಳ್ಳಿಯ ಸಂಬಂಧ ಬಂತು. ಅಕ್ಕ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಅಳತೆ ತೆಗೆಯದೆ ಕತ್ತರಿ ಹಾಕುವವಳಲ್ಲ. ಮೊದಲು ತನ್ನದು ತನಗೆ ಗೊತ್ತಾಗಬೇಕು, ಹುಡುಗನಿಗೆ ತಾನೇ ಹೇಳುತ್ತೇನೆ, ಬೆಂಚು ಗಿಂಚು ಬೇಡ ಅಂದಳು. ಅಪ್ಪಯ್ಯ ಮಾತು ಬಿಟ್ಟರು. ಸಂಬಂಧ ತಪ್ಪುವ ಭಯ ಅಂದುಕೊಂಡೆವು. ಒಂದು ದಿನ ಬಚ್ಚಲ ಒಲೆಗೆ ಸೌದೆ ಒಟ್ಟುತ್ತಾ ಅಕ್ಕನ ಹತ್ತಿರ ಅವರೇ ಬಾಯಿಬಿಟ್ಟರು.

"ನಿಂಗಿಲ್ಲ ಅಂದ್ರೆ ಸರಿ ಮಗಾ. ಇದೆ ಅಂದ್ರೆ, ಅದು ನನ್ನಿಂದ್ಲೇ ಬಂದಿದ್ದಲ್ವಾ? ನಾನು ಕೇಳ್ದೇನೇ ನಂದೂ ಗೊತ್ತಾಗೋಯ್ತು."

ನಮಗ್ಯಾರಿಗೂ ಇದು ಹೊಳೆದಿರಲಿಲ್ಲ. ರಕ್ತ ಅವಳದು, ಸುದ್ದಿ ಇಬ್ಬರದು. ಅಪ್ಪಯ್ಯ ದಿನಾ ಬೆಳಿಗ್ಗೆ ಅಂಗಳದ ಅಂಚುಗಲ್ಲಿನ ಮೇಲೆ ಒಂದು ಸಲ ನಡೆದು ನೋಡುತ್ತಾರೆ, ಯಾರೂ ಕಂಡಿಲ್ಲ ಅಂದುಕೊಂಡಿದ್ದಾರೆ. ಕಾಲು ತಪ್ಪದಿದ್ದರೆ ಅವತ್ತು ಕಾಫಿಗೆ ಬೆಲ್ಲ ಜಾಸ್ತಿ ಕೇಳುತ್ತಾರೆ. ಆ ಬೆಲ್ಲವನ್ನು ಕಿತ್ತುಕೊಳ್ಳುವ ಹಕ್ಕು ಅಕ್ಕನಿಗಿದೆಯಾ? ಹುಡುಗನಿಂದ ಮುಚ್ಚಿಟ್ಟು ಬಾಳು ಅನ್ನುವ ಹಕ್ಕು ಅಪ್ಪಯ್ಯನಿಗಿದೆಯಾ? ನಾನು ಇಬ್ಬರ ದನಿಯಲ್ಲೂ ವಾದ ಮಾಡಿ ನೋಡಿದೆ. ಇಬ್ಬರೂ ಗೆದ್ದರು.

ದಾರಿ ತೋರಿಸಿದವರು ದೊಡ್ಡಪ್ಪ. ಅವಳು ತಿಳಿದುಕೊಳ್ಳಲಿ, ಅಪ್ಪನಿಗೆ ತಿಳಿಯದ ಹಾಗೆ ಇಟ್ಟುಕೊಳ್ಳಲಿ ಅಂದರು. ಹೇಳಲು ಸುಲಭ. ಅಕ್ಕನ ಮುಖ ಗಾಜಿನ ಭರಣಿ, ಒಳಗಿನ ಉಪ್ಪಿನಕಾಯಿ ಮಿಡಿಯೋ ಹೋಳೋ ಹೊರಗಿನಿಂದಲೇ ಕಾಣುತ್ತದೆ. ಅವಳಿಗೂ ಅದು ಗೊತ್ತು. ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದಳು.

"ತಮಾ, ನಂಗೊಂದು ಮುಖ ಕಲಿಸು. ಎಂಥ ಸುದ್ದಿ ಬಂದ್ರೂ ಅದೇ ಇರ್ಬೇಕು."

ನನಗೆ ಸಿಕ್ಕ ಮೊದಲ ಶಿಷ್ಯೆ. ದುಃಖ ಮುಚ್ಚುವುದು ಸುಲಭ, ಖುಷಿ ಕಿವಿಯ ಬುಡದಲ್ಲಿ ಸೋರುತ್ತದೆ ಅಂತ ಪಾಠ ಶುರು ಮಾಡಿದೆ. ಬಸ್ಸಲ್ಲಿ ಸೀಟು ಸಿಗಲಿಲ್ಲ ಅನ್ನುವ ಮುಖ ಹಾಕು, ಅದು ಮದುವೆಗೂ ಆಗುತ್ತದೆ, ಸಾವಿಗೂ ಆಗುತ್ತದೆ ಅಂದೆ. ಹೊಲಿಗೆ ಮಿಷನ್ ಕಳುವಾಯಿತು, ಲಾಟರಿ ಹೊಡೆಯಿತು ಅಂತ ಸುಳ್ಳು ಸುದ್ದಿ ಹೇಳುವುದು ನಾನು, ಮುಖ ಹಿಡಿಯುವುದು ಅವಳು. ಮೊದಮೊದಲು ಕಿಸಕ್ಕನೆ ನಗುತ್ತಿದ್ದಳು. ನಗು ನಿಂತ ಮೇಲೆ ಒಂದು ದಿನ ಡಾಕ್ಟರಮ್ಮನ ದನಿಯಲ್ಲಿ, ನಿಮ್ಮಲ್ಲಿ ಇದೆ ಅಂದೆ. ಮುಖ ಅಲುಗಲಿಲ್ಲ. ಸೊಂಟದ ಮೇಲಿನ ಕೊಡ ಮಾತ್ರ ತುಳುಕಿತು. ಹಂಗಾದ್ರೆ ಅಲ್ಲಿಗೆ ಕೊಡ ತಗೊಂಡು ಹೋಗ್ಬೇಡ ಅಂದೆ. ಯಾರ ದನಿಯಲ್ಲಿ ಅಂದೆನೋ, ನನ್ನದರ ಹಾಗಂತೂ ಕೇಳಲಿಲ್ಲ.

ಯಾವತ್ತು ಹೋಗುತ್ತಾಳೆಂದು ಅವಳು ಯಾರಿಗೂ ಹೇಳಲಿಲ್ಲ. ನೂಲು, ಗುಂಡಿ, ಲೈನಿಂಗ್ ಬಟ್ಟೆ ಅಂತ ಮತ್ತೆ ಮತ್ತೆ ಸಾಗರಕ್ಕೆ ಹೋಗಿ ಬಂದಳು. ಪ್ರತಿ ಸಲವೂ ಸೀಟು ಸಿಗದ ಮುಖದಲ್ಲೇ ಬಸ್ಸಿಳಿದಳು. ಅಪ್ಪಯ್ಯ ಅವಳ ಮುಖ ನೋಡದೆ, ಊಟ ಆಯ್ತಾ ಅಂತ ನೆಲವನ್ನು ಕೇಳುತ್ತಿದ್ದರು. ಒಮ್ಮೆ ನನಗೆ, ಆಯ್ತು, ಹುಡುಗನಿಗೂ ಹೇಳಿಯಾಯ್ತು ಅಂದಳು. ಏನು ಅಂತ ನಾನು ಕೇಳಲಿಲ್ಲ. ಹುಡುಗ ಯೋಚಿಸಲು ಸಮಯ ತೆಗೆದುಕೊಂಡು, ಮನೆಯವರನ್ನು ಕರೆದುಕೊಂಡು ಬರುತ್ತೇನೆ ಅಂದರಂತೆ. ಹುಡುಗನ ಮುಖ ನೋಡಿಯಾದರೂ ತಿಳಿಯೋಣ ಅಂದರೆ, ಭಾವನಾಗಲಿದ್ದ ಅವರದು ಹುಟ್ಟಾ ಸೀಟು ಸಿಗದ ಮುಖ.

ಅವರು ಬಂದ ದಿನ ಜಗಲಿಯ ಬೆಂಚು ಖಾಲಿ ಇತ್ತು. ದೊಡ್ಡಪ್ಪ ದೊಡ್ಡ ಲೋಟದಲ್ಲಿ ನೀರು ಕುಡಿದು, ಎದುರುಗೊಳ್ಳಲು ಗೇಟಿನವರೆಗೆ ತಾವೇ ತೂಗುತ್ತಾ ನಡೆದರು. ಬಂದವರೆಲ್ಲ ನೋಡಿದರು. ಕಣ್ಣು ತಪ್ಪಿಸಲು ನಾನು ಮಿಮಿಕ್ರಿಗೆ ಇಳಿಯಲಿಲ್ಲ. ಭಾವ ಮುಂದೆ ಬಂದು ದೊಡ್ಡಪ್ಪನಿಗೆ ಆಸರೆಯಾಗಿ ಹೆಗಲು ಕೊಟ್ಟರು.

ಊಟವಾದ ಮೇಲೆ ಮಿಮಿಕ್ರಿಗೆ ಕರೆದರು. ಎಲ್ಲರನ್ನೂ ಮಾಡಿದೆ. ಹುಡುಗನ ತಾಯಿ, ನಿಮ್ಮಕ್ಕನ್ನ ಮಾಡಿ ನೋಡಾಣ ಅಂದರು. ಅಕ್ಕ ಲೋಟ ಎತ್ತುತ್ತಿದ್ದವಳು ತಿರುಗಿ ನೋಡಿದಳು. ನಾನೇ ಕಲಿಸಿದ ಮುಖ. ಹುಬ್ಬು, ತುಟಿ, ಕಿವಿಯ ಬುಡ, ಎಲ್ಲ ಹುಡುಕಿದೆ. ಎಲ್ಲೂ ಸೋರಿರಲಿಲ್ಲ.

"ಇವಳನ್ನ ಮಾಡೋಕೆ ನಂಗೆ ಬರಲ್ಲ" ಅಂದೆ.

ಜಗಲಿಯ ತುದಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಪ್ಪಯ್ಯ ಆಗ ತಲೆಯೆತ್ತಿದರು. ಎಷ್ಟೋ ದಿನದ ಮೇಲೆ ಅಕ್ಕನ ಮುಖವನ್ನು ನೇರವಾಗಿ, ಸಾವಕಾಶವಾಗಿ ನೋಡಿದರು. ನೋಡಿ, ಬೆಲ್ಲ ಜಾಸ್ತಿ ಕೇಳುವ ದಿನದ ಹಾಗೆ, ತಟ್ಟೆಯಿಂದ ಇನ್ನೊಂದು ಎಲೆ ತೆಗೆದುಕೊಂಡರು.